ಪರಮೇಶನ ಸುರಗಿಗೆ ಪದ ಎತ್ತಿದವರು

ಬಂಡೆಮ್ಮನ ಮನೆಯಲ್ಲಿ ಯಾವುದಕ್ಕೆ ಕೊರತೆ ಬಂದರೂ ದನಿಗೆ ಮಾತ್ರ ಬಂದದ್ದಿಲ್ಲ. ಹಿಮಾಯತ್‌ನಗರದ ಅಂಗಡಿ ಸಾಲಿನ ಹಿಂದೆ, ಎದುರಿಗೊಂದು ಸ್ಕೂಟರ್ ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕಾದ ಓಣಿಯಲ್ಲಿ ಎರಡು ಖೋಲಿಯ ಮನೆ. ಗಂಡ ಹುಸೇನಪ್ಪ ಗಾರೆ ಮೇಸ್ತ್ರಿ, ದಿನಾ ಗಚ್ಚಿಬೌಲಿಯ ಕಟ್ಟಡಗಳಿಗೆ ಹೋಗುತ್ತಾನೆ. ಮಗ ಪರಮೇಶನಿಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮಗಳು ಉಮಾಶ್ರೀ ಡಿಗ್ರಿ ಎರಡನೆಯ ವರ್ಷ. ಇವರೆಲ್ಲರ ಮೇಲೆ ಹುಸೇನಪ್ಪನ ತಾಯಿ ಶಂಕ್ರಮ್ಮ. ಮುದುಕಿಗೆ ಕಣ್ಣು ಮಂಜಾಗಿದೆ, ಬಾಯಿ ಇನ್ನೂ ಚುರುಕು.

ಯಾದಗಿರಿ ಕಡೆಯಿಂದ ಬಂದು ಈ ಊರಲ್ಲಿ ದುಡಿಯುವ ಜನರ ಯಾವ ಲಗ್ನವಾದರೂ ಪದ ಎತ್ತಲು ಬಂಡೆಮ್ಮನೇ ಬೇಕು. ಪದ ಎತ್ತುವುದೆಂದರೆ ಒಬ್ಬಾಕೆ ಮೊದಲ ಸಾಲು ಹಾಡುವುದು, ಉಳಿದ ಹೆಂಗಸರು ಅದನ್ನು ಅದೇ ಎತ್ತರದಲ್ಲಿ ಹಿಡಿಯುವುದು. ಒಮ್ಮೆ ಎತ್ತಿದ ಎತ್ತರವನ್ನು ಆರತಿ ಇಳಿಸುವವರೆಗೆ ಬಿಡುವಂತಿಲ್ಲ. ನಡುವೆ ಪದ ಮುರಿದರೆ ಅಪಶಕುನ ಅನ್ನುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಬೀಗರ ಕಡೆಯ ಹೆಂಗಸರು ವರ್ಷಗಟ್ಟಲೆ ನಗುತ್ತಾರೆ. ಇಪ್ಪತ್ತು ವರ್ಷ ಬಂಡೆಮ್ಮ ಎತ್ತಿದ ಪದ ಮುರಿದಿರಲಿಲ್ಲ. ನಾಲ್ಕೈದು ವರ್ಷದಿಂದ ಪಕ್ಕದಲ್ಲಿ ಉಮಾಶ್ರೀ ನಿಲ್ಲುತ್ತಿದ್ದಳು.

ಈಗ ಪರಮೇಶನ ಲಗ್ನವೇ ಗೊತ್ತಾಗಿತ್ತು. ಪಟಾನ್‌ಚೆರುವಿನಲ್ಲೇ ಇರುವ ಯಾದಗಿರಿ ಕಡೆಯವರ ಹುಡುಗಿ ಶೈಲಾ. ಇನ್ನು ಐದು ವಾರ. ಲಗ್ನದ ಬೆಳಿಗ್ಗೆ ಸುರಗಿ: ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗನನ್ನೂ ಅವನ ತಾಯಿಯನ್ನೂ ಕೂರಿಸಿ ನೀರು ಹಾಕುವ ಶಾಸ್ತ್ರ. ಸುರಗಿಯಲ್ಲಿ ಕೂತವಳು ಹಾಡುವಂತಿಲ್ಲ. ಊರವರ ಮಕ್ಕಳಿಗೆಲ್ಲ ಪದ ಎತ್ತಿದ ಬಂಡೆಮ್ಮ ತನ್ನ ಮಗನ ಸುರಗಿಯಲ್ಲಿ ಬಾಯಿ ಮುಚ್ಚಿ ಕೂರಬೇಕು!

"ಕೂಡ್ತೀನಿ ಬಿಡ್ರಿ. ನನ್ನ ಮಗನ ಸುರಗಿಗೆ ನನ್ನ ಮಗಳು ಎತ್ತತಾಳ" ಎಂದು ಬಂಡೆಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು.

ಹೇಳಿಕೊಂಡು ಬಂದ ಮರುದಿನವೇ ಕಿರಿಕಿರಿ ಸುರುವಾಯಿತು.

ಬಂಡೆಮ್ಮ ಮೇನ್ ರೋಡಿನ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಶಾಮಲಾಬಾಯಿ ಎಂಬವರ ಮನೆಗೆ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯಲು ಹೋಗುತ್ತಾಳೆ. ಅವರು ಸರಕಾರಿ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಕಲಬುರ್ಗಿ ಮೂಲದವರು. ಲಗ್ನ ಗೊತ್ತಾಗುವ ಮೊದಲೇ ಒಂದು ದಿನ ಬಂಡೆಮ್ಮನ ಬದಲು ಉಮಾಶ್ರೀ ಹೋಗಿ, ಪಾತ್ರೆ ತೊಳೆಯುತ್ತಾ ಹಾಡಿಕೊಂಡಿದ್ದನ್ನು ಕೇಳಿ, "ನಾಳಿಂದ ಬಾ, ಕಲಿಸ್ತೀನಿ" ಅಂದರು. ಬಂಡೆಮ್ಮ ಹಿಗ್ಗಿ ಹೀರೇಕಾಯಿಯಾದಳು. ಈಗಲೇ ಮೇನ್ ರೋಡಿಗೆ ಕೇಳುವ ದನಿ, ಕಲಿತರೆ ಇನ್ನೂ ಎರಡು ಅಂತಸ್ತು ಮೇಲೆ ಹೋಗುತ್ತದೆ ಎಂದೇ ಅವಳ ಲೆಕ್ಕ.

ಕ್ಲಾಸು ಸುರುವಾಗಿ ಈಗ ಮೂರು ವಾರ ಕಳೆದಿತ್ತು. ಉಮಾಶ್ರೀ ಆ ಬೆಳಿಗ್ಗೆ ಮೊದಲ ಸಲ ಮನೆಯಲ್ಲೇ, ನಲ್ಲಿಯಲ್ಲಿ ನೀರು ಬರುವ ಮೊದಲೇ ಎದ್ದು ಬಾಗಿಲ ಬಳಿ ಕೂತು ಒಂದೇ ಒಂದು ಸ್ವರವನ್ನು, ಅದೂ ಅತಿ ಕೆಳಗೆ, ಉಸಿರು ಮುಗಿಯುವವರೆಗೆ ಎಳೆಯುತ್ತಿದ್ದಳು.

"ಯಾರದು, ಎಮ್ಮಿ ಒಳಗ ಬಂತೇನು?" ಎಂದಳು ಶಂಕ್ರಮ್ಮ ಹಾಸಿಗೆಯಿಂದಲೇ.

"ನಾನ ಆಯೀ."

"ನೀನಾ! ನಿನಗೇನಾಗೇತಿ?"

"ಬಾಯಾರು ಹಿಂಗ ಮಾಡು ಅಂದಾರ. ಮ್ಯಾಲ ಹಾಡಬಾರದು, ಚೀರಬಾರದು ಅಂದಾರ. ಇನ್ನೂ ಎರಡು ತಿಂಗಳು."

ಒಲೆಯ ಮುಂದಿದ್ದ ಬಂಡೆಮ್ಮನ ಕೈಯಲ್ಲಿ ಹಿಟ್ಟು ಹಾಗೇ ನಿಂತಿತು. "ಎರಡು ತಿಂಗಳಾ? ಲಗ್ನ ಐದು ವಾರಕ್ಕೈತಿ!"

"ನೋಡೋಣು ಅವ್ವ."

"ಏನ್ ನೋಡೋದು? ಈಗ ಎತ್ತು. ಸುರಗಿ ಪದ."

ಉಮಾಶ್ರೀ ಎತ್ತಿದಳು. ಮೊದಲ ಅರ್ಧ ಸಾಲು ಸರಿಯಾಗಿ ಹೋಯಿತು. ಮೊದಲೆಲ್ಲ ಎದೆಯಿಂದ ನೂಕಿ ಏರಿಬಿಡುತ್ತಿದ್ದ ಜಾಗಕ್ಕೆ ಬಂದಾಗ ದನಿ ಎರಡಾಗಿ ಸೀಳಿ ನಿಂತುಹೋಯಿತು. ಕೆಮ್ಮಿ ಮತ್ತೆ ಎತ್ತಿದಳು, ಅದೇ ಜಾಗದಲ್ಲಿ ಮತ್ತೆ ಸೀಳಿತು.

"ಅಯ್ಯ ನನ್ನ ಶಿವನ!" ಎಂದಳು ಬಂಡೆಮ್ಮ. "ಚಲೋ ಇದ್ದ ದನಿ ತಗೊಂಡು ಹೋಗಿ ಏನ್ ಮಾಡ್ಕೊಂಡು ಬಂದಿ?"

ಹಲ್ಲುಜ್ಜುತ್ತಿದ್ದ ಹುಸೇನಪ್ಪ ಬಾಯಿ ತೊಳೆದು ಬಂದ. "ಸುಮ್ನಿರು. ಪಾಯಾ ತೋಡಾಕತ್ತಾರ. ನಾವು ಹತ್ತಂತಸ್ತು ಏರಿಸೋದಿದ್ರ ಮೊದಲು ಕೆಳಗ ಹೋಗಂಗಿಲ್ಲೇನು?"

"ಎರಡು ತಿಂಗಳು ಕೆಳಗ ಹೋದ್ರ ಅದು ಪಾಯಾ ಅಲ್ಲ, ಬೋರ್‌ವೆಲ್!" ಎಂದಳು ಬಂಡೆಮ್ಮ. ಹುಸೇನಪ್ಪ ನಕ್ಕು ಬುತ್ತಿ ತೆಗೆದುಕೊಂಡು ಬಸ್ಸಿಗೆ ಓಡಿದ.

ಅವತ್ತೇ ಬಂಡೆಮ್ಮ ಶಾಮಲಾಬಾಯಿಯ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ಮಾತು ತೆಗೆದಳು. ಸಿಟ್ಟಿದ್ದರೂ ಬೇರೆಯವರ ಮನೆಯ ಒಲೆ ಮುಂದೆ ಕೂತಿದ್ದರಿಂದ ದನಿ ತಗ್ಗಿಸಿಯೇ ಕೇಳಿದಳು.

"ಬಾಯಾರ, ನಮ್ಮ ಹುಡುಗಿ ದನಿ ಹೋಗೇತ್ರಿ."

"ದನಿ ಹೋಗಿಲ್ಲ ಬಂಡೆಮ್ಮ, ಚೀರೋದು ಹೋಗ್ಯದ" ಎಂದರು ಶಾಮಲಾಬಾಯಿ. ಕರೆದುಕೊಂಡು ಹೋಗಿ ತಮ್ಮ ಪೇಟಿ, ಅಂದರೆ ಹಾರ್ಮೋನಿಯಂ, ತೋರಿಸಿದರು. ಬೆರಳಿಂದ ಒತ್ತುವ ಕರಿ ಬಿಳಿ ಮನೆಗಳ ಸಾಲಿನ ಮೇಲಿನ ಮರದ ಪಟ್ಟಿಯಲ್ಲಿ ಪೆನ್ಸಿಲ್ ಗೆರೆಗಳಿದ್ದವು, ಪ್ರತಿ ಗೆರೆಗೂ ಸಣ್ಣಗೆ ತಾರೀಖು. "ಪ್ರತಿ ಶನಿವಾರ ಹಾಕ್ತೀನಿ. ಎಡಗಡೀದು ಆಕಿ ಎಷ್ಟು ಕೆಳಗ ಇಳೀತಾಳ ಅಂತ, ಬಲಗಡೀದು ಎಷ್ಟು ಮ್ಯಾಲ ಏರ್ತಾಳ ಅಂತ. ಮೊದಲನೇ ದಿನ ನೂಕಿ ನೂಕಿ ಇಲ್ಲೀತನಕ ಬಂದ್ಲು. ಅದರ ಮುಂದ ಗ್ವಾಡಿ. ಕೆಳಗ ನೋಡಿದ್ರ ಬರೀ ಗಾಳಿ, ಸ್ವರನ ಇಲ್ಲ. ಈಗ ನೂಕೋದು ಬಿಟ್ಟಾಳ, ಅದಕ್ಕ ಮ್ಯಾಲಿನ ಮೂರು ಮನಿ ಸದ್ಯಕ್ಕ ಹೋಗ್ಯಾವ. ಕೆಳಗ ಎರಡು ಬಂದಾವ."

"ಹೋಗಿದ್ದು ಮ್ಯಾಲಿಂದು, ಬಂದಿದ್ದು ಕೆಳಗಿಂದು. ಲಗ್ನದಾಗ ಕೆಳಗಿಂದು ತಗೊಂಡು ಏನ್ ಮಾಡ್ಲಿರಿ?"

"ಮ್ಯಾಲಿಂದು ತಿರುಗಿ ಬರ್ತದ. ಇನ್ನೂ ಜಾಸ್ತಿ ಬರ್ತದ. ಆದ್ರ ಯಾವಾಗ ಅಂತ ತಾರೀಖು ಹೇಳ್ಲಿಕ್ಕೆ ನನಗ ಬರೂದಿಲ್ಲ."

"ನಮಗ ತಾರೀಖು ಐತಲ್ರಿ" ಎಂದು ಹೇಳಿ ಬಂಡೆಮ್ಮ ಒಳಗೆ ಬಂದು ರೊಟ್ಟಿ ಬಡಿಯತೊಡಗಿದಳು. ಕೋಪದಲ್ಲಿ ಮೊದಲ ರೊಟ್ಟಿ ಹರಿಯಿತು. ಎರಡನೆಯದಕ್ಕೆ ಕೈ ಹದಕ್ಕೆ ಬಂತು. ಬಡಿತದ ಜೊತೆ ಯಾವಾಗಿನಂತೆ ಬಾಯಲ್ಲಿ ತನ್ನಷ್ಟಕ್ಕೆ ಒಂದು ಗುನುಗು. ಅದು ತನಗೇ ಗೊತ್ತಿಲ್ಲದ ಚಾಳಿ. ಹೊರಗೆ ಶಾಮಲಾಬಾಯಿ ಹಾರ್ಮೋನಿಯಂನ ಒಂದೆರಡು ಮನೆ ಒತ್ತಿ ನೋಡಿದ್ದು ಅವಳಿಗೆ ಕೇಳಿಸಲಿಲ್ಲ.

ಅಲ್ಲಿಂದ ಮನೆಯಲ್ಲಿ ಔಷಧಿಯ ಕಾಲ. ಮೆಣಸು ಬೆಲ್ಲ ಆಯಿತು, ಜ್ಯೇಷ್ಠಮಧು ಆಯಿತು, ಹಾಲು ಅರಿಶಿನ ಆಯಿತು. ಪಕ್ಕದ ಮನೆಯ ತೆಲುಗಮ್ಮ ಬಂದು ಉಪ್ಪು ನೀರು ಮುಕ್ಕಳಿಸಲು ಹೇಳಿದಳು. ಶಂಕ್ರಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಾಗ ಮನೆಮಂದಿಯೆಲ್ಲ ಕೆಮ್ಮಿದರು, ಉಮಾಶ್ರೀ ಎಲ್ಲರಿಗಿಂತ ಜಾಸ್ತಿ.

"ಆಯೀ, ಇದರಿಂದ ಇದ್ದದ್ದೂ ಹೋಗ್ತೈತಿ!"

"ಕೆಟ್ಟ ಕಣ್ಣು ಯಾರದೈತೋ ಯಾರಿಗೆ ಗೊತ್ತು. ಬೀಗರ ಕಡೀ ಆ ಸ್ವಾದರತ್ತಿ ಅದಾಳಲ್ಲ, ಭಾಳ ಹೊಟ್ಟೆಕಿಚ್ಚಿನಾಕಿ."

ಸೋದರತ್ತೆ ಎಂದರೆ ಶೈಲಾಳ ಅಪ್ಪನ ತಂಗಿ. ಆ ಕಡೆಯ ಪದಗಳೆಲ್ಲ ಅವಳವೇ. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಹೆಸರು. ಆ ಭಾನುವಾರ ಸೀರೆ ತೋರಿಸುವ ನೆಪದಲ್ಲಿ ಬಂದವಳು ಚಹಾ ಕುಡಿಯುತ್ತಾ, "ನಿಮ್ಮ ಹುಡುಗಿ ಈಗ ಪೇಟಿ ಸಂಗೀತ ಕಲೀತಾಳಂತ. ಹಂಗಾರ ನಮ್ಮಂಥವ್ರ ಪದ ಎಲ್ಲಿ ಹಾಡ್ತಾಳ ಬಿಡ್ರಿ" ಎಂದು ನಕ್ಕಳು.

"ಹಾಡ್ತಾಳ, ಯಾಕ ಹಾಡಂಗಿಲ್ಲ? ಸುರಗಿ ದಿನ ನಿಂತು ಕೇಳ್ರಿ" ಎಂದಳು ಬಂಡೆಮ್ಮ. ನಕ್ಕೇ ಹೇಳಿದಳು. ಆದರೆ ಸೋದರತ್ತೆ ಹೋದ ಮೇಲೆ ಚಹಾದ ಲೋಟಗಳನ್ನು ಕುಕ್ಕಿ ಕುಕ್ಕಿ ತೊಳೆದಳು.

ಲಗ್ನಕ್ಕೆ ಎರಡು ವಾರ ಉಳಿದಾಗ, ಸಂಜೆ ಊಟಕ್ಕೆ ಎಲ್ಲರೂ ಸುತ್ತ ಕೂತಿದ್ದರು. ಪುಂಡಿ ಪಲ್ಯ, ಬಿಸಿ ರೊಟ್ಟಿ. ಉಮಾಶ್ರೀ ಹಂಚಿನ ಮುಂದಿದ್ದಳು. ಬಂಡೆಮ್ಮ ಯೋಚಿಸಿ ಇಟ್ಟುಕೊಂಡ ಮಾತನ್ನು ತಟ್ಟೆಗಳ ನಡುವೆ ಇಟ್ಟಳು.

"ಒಂದು ಮಾತು. ಸುರಗ್ಯಾಗ ಪರಮ್ಯಾನ ಚಿಗವ್ವನ್ನ ಕೂಡ್ಸೋಣು. ನಾ ಹೊರಗ ನಿಂತು ಪದ ಎತ್ತತೀನಿ."

ಪರಮೇಶ ತುತ್ತು ಕೆಳಗಿಟ್ಟ. "ಅವ್ವಾ, ನನ್ನ ಪಕ್ಕ ನೀ ಕೂಡಂಗಿಲ್ಲಾ?"

"ನಿನ್ನ ಮರ್ಯಾದಿಗೇ ಹೇಳಾಕತ್ತೀನಿ."

"ಪದದ ಮರ್ಯಾದಿ ಯಾರಿಗೆ ಬೇಕಾಗೈತಿ? ಮೊಬೈಲ್‌ನಾಗ ಹಾಡು ಹಚ್ಚಿದ್ರಾತು!"

"ಹಚ್ಚು! ಡಿಜೆ ತರ್ಸು! ನಿಮ್ಮವ್ವ ಇಪ್ಪತ್ತು ವರ್ಷ ಮಂದಿ ಮನ್ಯಾಗ ನಿಂತು ಹಾಡ್ಯಾಳ, ತನ್ನ ಮನ್ಯಾಗ ಮೊಬೈಲ್ ಹಚ್ಚಿದ್ಲು ಅಂತ ಊರೆಲ್ಲ ಆಡ್ಕೊಳ್ಳಿ."

"ತಾಯಿ ಇರೋ ಮುಂದ ಇನ್ನೊಬ್ಬಾಕಿನ್ನ ಸುರಗ್ಯಾಗ ಕೂಡ್ಸತಾರೇನು?" ಎಂದ ಹುಸೇನಪ್ಪ. ಅವನು ಸಿಟ್ಟಾಗುವುದು ಅಪರೂಪ. ಈಗ ಆಗಿದ್ದ.

ಅಷ್ಟರವರೆಗೆ ಸುಮ್ಮನೆ ರೊಟ್ಟಿ ಮುರಿಯುತ್ತಿದ್ದ ಶಂಕ್ರಮ್ಮ ತಲೆ ಎತ್ತಿದಳು. "ಬಂಡಿ, ನೀ ಎತ್ತತೀನಿ ಅಂದಿ. ಎತ್ತು ನೋಡೋಣು. ಈಗ, ಇಲ್ಲೇ. ಒಬ್ಬಾಕೀನ."

"ಊಟದಾಗ ಏನತ್ತಿ ನಿಂದು?"

"ಎತ್ತು ಅಂದೆ."

ಬಂಡೆಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಎತ್ತಿದಳು. 'ನಾಕು ತಂಬಿಗಿ ನಡುವ ಕುಂತಾನ ನಮ್ಮ ಹಿರಿಮಗ' ಎಂಬ ಸಾಲು, ತನ್ನ ಹಳೆಯ ಎತ್ತರದಲ್ಲಿ. ಕೊರಳಿನ ನರ ಉಬ್ಬಿತು. ಮೊದಲ ಸಾಲು ಹೇಗೋ ದಾಟಿತು, ಎರಡನೆಯದಕ್ಕೆ ದನಿ ಬರಲೇ ಇಲ್ಲ, ಬರೀ ಉಸಿರು ಬಂತು. ಮತ್ತೊಮ್ಮೆ ಎತ್ತಿದಳು, ಮತ್ತೆ ಅಷ್ಟೇ.

"ಎರಡು ವರ್ಷಾತು ನಿನ್ನ ಮ್ಯಾಲಿನ ದನಿ ಹೋಗಿ" ಎಂದಳು ಶಂಕ್ರಮ್ಮ. "ನೀ ನಿಂತಲ್ಲೆಲ್ಲ ಈ ಪೋರಿ ಜಲ್ದಿ ಹಿಡದು ಮುಚ್ಚಿಕೊಂಡು ಬಂದಾಳ. ಒಂದೊಂದು ಲಗ್ನ ಆದಮ್ಯಾಲೆ ಮೂರು ಮೂರು ದಿನ ಆಕಿ ಮಾತಾಡ್ತಿದ್ದಿಲ್ಲ, ನೋಡಿಲ್ಲೇನು? ನನಗ ಕಣ್ಣು ಕಾಣಂಗಿಲ್ಲ, ಕಿವಿ ಕೇಳ್ತಾವ."

"ಆಯೀ! ನಿನಗ ಯಾರು ಹೇಳು ಅಂದ್ರು?" ಎಂದು ಉಮಾಶ್ರೀ ಹಂಚಿನ ಮುಂದಿನಿಂದ ಸಿಡಿದಳು. ರೊಟ್ಟಿ ಒಂದು ಬದಿ ಕರಕಾಯಿತು.

ಬಂಡೆಮ್ಮ ಮಗಳನ್ನೇ ನೋಡಿದಳು. "ಖರೇನಾ?"

ಉಮಾಶ್ರೀ ಕರಕು ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಬಂಡೆಮ್ಮನಿಗೆ ಅಳು ಬಂತು. ನಾಚಿಕೆಗೆ ಬಂತೋ ಮಗಳ ಮೇಲಿನ ಮರುಕಕ್ಕೆ ಬಂತೋ, ಎರಡಕ್ಕೂ ಬಂತು. "ನನಗೊಂದು ಮಾತು ಹೇಳಬಾರದಿತ್ತೇನು?" ಎಂದಳು.

"ಹೆಂಗ ಹೇಳ್ಲಿ ಅವ್ವ? ಪದ ಎತ್ತೋ ಮುಂದ ನಿನ್ನ ಮುಖ ನಿನಗ ಕಾಣಂಗಿಲ್ಲ, ನನಗ ಕಾಣ್ತೈತಿ."

ಹುಸೇನಪ್ಪ ಹೆಂಡತಿಯ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದ. ಬಂಡೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಸುರಗ್ಯಾಗ ನಾನ ಕೂಡ್ತೀನಿ. ಪದ ಉಮೀನೇ ಎತ್ಲಿ. ಒಂದು ದಿನದ ಮಾತು, ಮೊದಲಿನಂಗ ಎತ್ತು ಮಗಳ. ಲಗ್ನ ಮುಗಿಯೋತನಕ ಆ ಕ್ಲಾಸು ಬ್ಯಾಡ" ಅಂದಳು. ಉಮಾಶ್ರೀ ಹೂಂ ಅಂದಳು.

ಹೂಂ ಅಂದವಳು ಲಗ್ನದ ಹಿಂದಿನ ಶನಿವಾರ ಕಾಲೇಜಿನಿಂದ ನೇರ ಶಾಮಲಾಬಾಯಿಯ ಮನೆಗೆ ಹೋದಳು. ಕ್ಲಾಸಿಗಲ್ಲ, ಒಂದು ಮಾತು ಕೇಳಿಕೊಂಡು ಬರಲು.

"ಬಾಯಾರ, ಒಂದು ದಿನ ಮೊದಲಿನಂಗ ಚೀರಿ ಹಾಡ್ಲೇನ್ರಿ?"

"ಹಾಡು. ಆಗ್ತದ ಏನು ನೋಡು" ಎಂದು ಅವರು ಹಾರ್ಮೋನಿಯಂ ಎಳೆದುಕೊಂಡರು. "ಮೊದಲು ಎಲ್ಲಿದ್ದಿ ನೋಡೂಣು. ನೂಕಬ್ಯಾಡ."

ನೂಕದೆ ಏರಿದಳು. ಹೋದ ತಿಂಗಳು ಸೀಳುತ್ತಿದ್ದ ಜಾಗ ಬಂತು, ಅಲ್ಲಿ ದನಿ ತೆಳ್ಳಗಾಯಿತು, ಆದರೆ ಸೀಳದೆ ದಾಟಿತು. ದಾರದಷ್ಟು ಸಣ್ಣ ದನಿ, ಹಳೆಯ ಗೆರೆಯನ್ನೂ ದಾಟಿ ಒಂದು ಮನೆ ಮೇಲೆ ಹೋಯಿತು. ಉಮಾಶ್ರೀ ಬೆರಗಾಗಿ ನಿಲ್ಲಿಸಿಬಿಟ್ಟಳು.

"ಬಂತಲ್ರಿ!"

"ಬಂದದ. ಆದ್ರ ಇದು ಈಗ ಹುಟ್ಟಿದ ಕೂಸು. ಇನ್ನೂರು ಮಂದಿ ನಡುವ ಕೇಳೂದಿಲ್ಲ. ಕೇಳಿಸ್ಬೇಕಂತ ನೂಕಿದಿ ಅಂದ್ರ ಮತ್ತ ಸೀಳ್ತದ. ಗ್ಯಾರಂಟಿ ಇಲ್ಲ. ನಿನ್ನ ಅಣ್ಣನ ಲಗ್ನ, ನಾ ಬ್ಯಾಡ ಅನ್ನೂದಿಲ್ಲ." ಹೇಳುತ್ತಲೇ ಹೊಸ ಗೆರೆ ಎಳೆದರು. ಆಮೇಲೆ ಕೆಳಗೂ ಇಳಿಸಿ ನೋಡಿದರು, ಎಡಗಡೆಯೂ ಒಂದು ಮನೆ ಕೆಳಗೆ ಹೊಸ ಗೆರೆ ಬಿತ್ತು.

ಆಗ ಉಮಾಶ್ರೀ ಇನ್ನೊಂದು ಗುರುತು ನೋಡಿದಳು. ಎರಡೂ ಕಡೆಯ ಗೆರೆಗಳ ನಡುವೆ, ಎಡಕ್ಕೆ ಹತ್ತಿರವಾಗಿ, ಒಂದು ಸಣ್ಣ ಕತ್ತರಿ ಗುರುತು. ಅದಕ್ಕೆ ತಾರೀಖಿರಲಿಲ್ಲ.

"ಇದು ನಂದಲ್ರಿ. ಯಾರದಿದು?"

"ನಿಮ್ಮವ್ವಂದು" ಎಂದರು ಶಾಮಲಾಬಾಯಿ. "ರೊಟ್ಟಿ ಬಡೀವಾಗ ಗುನುಗ್ತಾಳಲ್ಲ, ದಿನಾ ಇದೇ ಮನಿಯಿಂದ ಹಿಡೀತಾಳ. ಎಂಥಾ ದನಿ ಅದು! ಆಕಿಗೇ ಗೊತ್ತಿಲ್ಲ."

ಉಮಾಶ್ರೀ ಆ ಮನೆಯನ್ನು ಒತ್ತಿ ಹಿಡಿದು ಕೂತಳು. ಹೋಗುವಾಗ ಇನ್ನೊಮ್ಮೆ ಒತ್ತಿ, ಆ ಸ್ವರವನ್ನೇ ಬಾಯಲ್ಲಿ ಇಟ್ಟುಕೊಂಡು ಮನೆಯವರೆಗೆ ನಡೆದಳು. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿಂದ ಬಂಡೆಮ್ಮ ಕೇಳಿದಾಗೆಲ್ಲ, "ಎತ್ತತೀನಿ ಅವ್ವ, ಫಿಕರ್ ಮಾಡಬ್ಯಾಡ" ಅಷ್ಟೇ.

ಲಗ್ನ ಪಟಾನ್‌ಚೆರುವಿನ ಹತ್ತಿರದ ಒಂದು ಫಂಕ್ಷನ್ ಹಾಲಿನಲ್ಲಿ. ಬೆಳಿಗ್ಗೆ ಹಿಂದಿನ ಅಂಗಳದಲ್ಲಿ ಮೊದಲು ಹೆಣ್ಣಿನ ಸುರಗಿ ಆಯಿತು. ಸೋದರತ್ತೆ ಎತ್ತಿದ ಪದ ಪಕ್ಕದ ಲಾರಿ ಸ್ಟ್ಯಾಂಡಿಗೂ ಕೇಳಿತು. ಅವರ ಕಡೆಯ ಹೆಂಗಸರು ಏದುಸಿರು ಬಿಡುತ್ತಾ ಮುಗಿಸಿದರು. ಮುಗಿದ ಮೇಲೆ ಯಾರೂ ಹೋಗಲಿಲ್ಲ. ಗಂಡಿನ ಕಡೆಯದನ್ನು ಕೇಳಲು ಸುತ್ತ ನಿಂತರು.

ನಾಲ್ಕು ತಂಬಿಗೆ, ಸುತ್ತ ನೂಲು. ನಡುವಿನ ಮಣೆಯ ಮೇಲೆ ಅರಿಶಿನ ಮೆತ್ತಿದ ಪರಮೇಶ, ಪಕ್ಕದಲ್ಲಿ ಬಂಡೆಮ್ಮ. ಅವಳು ಮಗನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಎತ್ತವಾ" ಎಂದಳು ಯಾರೋ ಒಬ್ಬಾಕೆ.

ಉಮಾಶ್ರೀ ಎತ್ತಿದಳು.

ಕೆಳಗೆ ಎತ್ತಿದಳು. ಎಷ್ಟು ಕೆಳಗೆಂದರೆ ಇದು ಹಾಡಲು ಸುರು ಮಾಡಿದ್ದೋ ಗಂಟಲು ಸರಿಮಾಡಿಕೊಂಡದ್ದೋ ಎಂದು ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ದನಿ ಮಾತ್ರ ತುಂಬಿಕೊಂಡಿತ್ತು, ಅಲುಗುತ್ತಿರಲಿಲ್ಲ.

"ಇದೇನವ್ವ ಇಷ್ಟು ಕೆಳಗ?" ಎಂದಳು ಸೋದರತ್ತೆ ಜೋರಾಗಿಯೇ. ಒಂದಿಬ್ಬರು ನಕ್ಕರು. ಬಂಡೆಮ್ಮ ಕಣ್ಣು ಮುಚ್ಚಿಕೊಂಡಳು. ಈ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಈ ಎತ್ತರದಲ್ಲಿ ಹಿಡಿದು ಯಾರಿಗೂ ರೂಢಿಯಿಲ್ಲ. ಒಬ್ಬರೂ ಹಿಡಿಯಲಿಲ್ಲ. ಉಮಾಶ್ರೀ ಒಬ್ಬಳೇ ಮೊದಲ ಸಾಲನ್ನು ಎರಡನೆಯ ಸಲ ಹಾಡಿದಳು.

ಆಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಶಂಕ್ರಮ್ಮ ಹಿಡಿದಳು. ಹತ್ತು ವರ್ಷದಿಂದ ಯಾವ ಲಗ್ನದಲ್ಲೂ ಬಾಯಿ ತೆರೆಯದ ಮುದುಕಿ, ಸೊಸೆ ಎತ್ತುವ ಎತ್ತರ ತನಗೆಟುಕುವುದಿಲ್ಲವೆಂದು ಸುಮ್ಮನಾಗಿದ್ದವಳು. ಅವಳ ಹಿಂದೆ ಇನ್ನಿಬ್ಬರು ಮುದುಕಿಯರು ಹಿಡಿದರು. ಆಮೇಲೆ ನಡುವಯಸ್ಸಿನವರು, ಆಮೇಲೆ ಅಂಗಳದಲ್ಲಿದ್ದ ಎಲ್ಲರೂ. ಯಾರ ಕೊರಳ ನರವೂ ಉಬ್ಬಲಿಲ್ಲ. ನೀರು ಬೀಳತೊಡಗಿತು.

ಮೂರನೆಯ ಸಾಲಿಗೆ ಪರಮೇಶನಿಗೆ ಪಕ್ಕದಿಂದ ಗುನುಗು ಕೇಳಿತು. ನಾಲ್ಕನೆಯದಕ್ಕೆ ಅದು ಗುನುಗಾಗಿ ಉಳಿದಿರಲಿಲ್ಲ. ತಲೆಯಿಂದ ನೀರಿಳಿಯುತ್ತಿದ್ದ ಬಂಡೆಮ್ಮ, ಕಣ್ಣು ಮುಚ್ಚಿಕೊಂಡೇ, ದಿನಾ ರೊಟ್ಟಿ ಬಡಿಯುವಾಗ ಹಿಡಿಯುವ ಅದೇ ಎತ್ತರದಲ್ಲಿ, ಬಾಯಿ ತುಂಬ ಹಾಡುತ್ತಿದ್ದಳು.

"ಅಯ್ಯ, ಸುರಗ್ಯಾಗ ಕುಂತಾಕಿ ಹಾಡಬಾರದು!" ಎಂದಳು ಸೋದರತ್ತೆ.

"ಹಾಡ್ಲಿ ಬಿಡು" ಎಂದಳು ಶಂಕ್ರಮ್ಮ ಪದದ ನಡುವೆಯೇ. "ಆಕಿ ಮಗನ ಲಗ್ನ. ನೀನೂ ಹಿಡಿ, ಬಾ."

ಸೋದರತ್ತೆಗೆ ತನ್ನ ಪದದಿಂದಲೇ ಗಂಟಲು ಕಟ್ಟಿತ್ತು. ಆದರೂ ಹಿಡಿದಳು, ಈ ಎತ್ತರಕ್ಕೆ ಕಟ್ಟಿದ ಗಂಟಲೂ ಸಾಕಾಗುತ್ತಿತ್ತು. ಆರತಿ ಇಳಿಸುವವರೆಗೆ ಪದ ಮುರಿಯಲಿಲ್ಲ.

ಬಂಡೆಮ್ಮ ಒದ್ದೆ ಕೂದಲು ಹಿಂಡುತ್ತಾ ಮಗಳ ಹತ್ತಿರ ಬಂದಳು. ಹೊಗಳುತ್ತಾಳೆಂದು ಕಾದರೆ, "ಒಂದು ಚೂರು ಮ್ಯಾಲ ಎತ್ತಬೇಕಿತ್ತು" ಅಂದಳು.

"ಎತ್ತಬಹುದಿತ್ತು ಅವ್ವ. ಅಲ್ಲಿ ನೀ ಸಿಗ್ತಿದ್ದಿಲ್ಲ."

ಬಂಡೆಮ್ಮ ಮಗಳ ಕೆನ್ನೆಗೆ ಒದ್ದೆ ಕೈ ಒರೆಸಿ ಸೀರೆ ಬದಲಿಸಲು ಹೋದಳು.

ನಾಲ್ಕು ದಿನ ಬಿಟ್ಟು ಬಂಡೆಮ್ಮ ಕೆಲಸಕ್ಕೆ ಹೋದಳು. ಲಾಡು ಕೊಟ್ಟಳು, ರೊಟ್ಟಿ ಬಡಿದಳು, ಯಾವಾಗಿನಂತೆ ಒದ್ದೆ ಬಟ್ಟೆ ಹಿಡಿದು ಟಿವಿ, ಕಪಾಟು ಒರೆಸಿ ಹಾರ್ಮೋನಿಯಂಗೆ ಬಂದಳು. ಕತ್ತರಿ ಗುರುತಿನ ಮೇಲೆ ಅವಳ ಕೈ ನಿಂತಿತು.

"ಉಮಿ ಹೇಳಿದ್ಲು. ಇದು ನಂದಂತ್ರಿ, ಖರೇನಾ?"

"ಹೌದು, ನಿಂದೇ" ಎಂದರು ಶಾಮಲಾಬಾಯಿ.

ಬಂಡೆಮ್ಮ ಆ ಗುರುತನ್ನು ಬಿಟ್ಟು ಸುತ್ತಲೂ ಒರೆಸಿದಳು. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನೆಲದ ಮೇಲೆ ಕಾಲು ಮಡಚಿ ಕೂತಳು.

"ಪೇಟಿ ಬಾರ್ಸ್ರಿ ಬಾಯಾರ" ಅಂದಳು. "ಕೆಳಗ ಇನ್ನೂ ಎಷ್ಟೈತಿ ನೋಡೋಣು."